ಕಿಟಕಿಯ ಬಲೆ

ಬಲೆ ಇನ್ನೂ ಇಳಿದಿರಲಿಲ್ಲ. ಗೋಡೆಗೆ ಬಡಿದು ಪಲ್ಟಿ ಹೊಡೆದ ಹಳದಿ ರೇಸ್ ಕಾರು ಹುಲ್ಲಿನ ಮೇಲೆ ನಿಂತಿತ್ತು. ಅಪಘಾತವಾದ ಮೇಲೆ ಚಾಲಕ ತಾನೇ ಕಿಟಕಿಯ ರಕ್ಷಣಾ ಬಲೆ ಬಿಚ್ಚಿ ಕೆಳಗೆ ಬಿಟ್ಟರೆ ಕ್ಷೇಮವಾಗಿದ್ದಾನೆ ಎಂದರ್ಥ. ಅಲಬಾಮಾದಲ್ಲಿ ಅದು ಮಕ್ಕಳಿಗೂ ಗೊತ್ತು. ಗ್ಯಾಲರಿಯ ಚಾವಣಿ ಮೇಲೆ ನಿಂತು, ಟ್ರ್ಯಾಕಿನ ಒಳಗಡೆ, ಹೊರಗಡೆ ಅಕ್ಕಪಕ್ಕ ಬೇರೆ ಕಾರಿದೆಯೋ ಇಲ್ಲವೋ ಎಂದು ಆ ಕಾರು ಓಡಿಸುತ್ತಿದ್ದ ತಮ್ಮನಿಗೆ ರೇಡಿಯೋದಲ್ಲಿ ಹೇಳುತ್ತಿದ್ದ ವರ್ಲಿನ್ ದುರ್ಬೀನು ಇಳಿಸಲಿಲ್ಲ.

"ಕೋಯ್, ಬಲೆ ಬಿಡೋ. ನಾಟಕ ಸಾಕು," ಎಂದ. "ಅಮ್ಮ ಟೀವಿ ಮುಂದೆ ಕೂತಿರ್ತಾಳೆ ಕಣೋ."

ರಕ್ಷಣಾ ಸಿಬ್ಬಂದಿ ಓಡಿ ಬಂದು ಕಾರನ್ನು ಸುತ್ತುವರಿದರು. ಅಷ್ಟರಲ್ಲಿ ಬಲೆ ಇಳಿಯಿತು. ಇಡೀ ಗ್ಯಾಲರಿ ಎದ್ದು ನಿಂತು ಕೂಗಿತು. ಪಕ್ಕದಲ್ಲಿ ನಿಂತಿದ್ದ ಬೇರೆ ತಂಡದ ಡೆಲ್ಬರ್ಟ್ ವರ್ಲಿನ್‌ನ ಬೆನ್ನಿಗೊಂದು ಗುದ್ದಿದ. "ನೋಡಿದ್ಯಾ? ನಿನ್ ತಮ್ಮಂಗೆ ಏನೂ ಆಗಲ್ಲ ಮಾರಾಯ. ಗಟ್ಟಿ ಪಿಂಡ ಅದು!"

ವರ್ಲಿನ್ ತಲೆಯಾಡಿಸಿದ. ಬಲೆ ಬಿಚ್ಚಿದ್ದು ಹೊರಗಿನಿಂದ ಒಳಗೆ ಹೋದ ಕೈ. ಅದಕ್ಕೆ ರಕ್ಷಣಾ ಸಿಬ್ಬಂದಿಯ ಕಿತ್ತಳೆ ಬಣ್ಣದ ಗವಸಿತ್ತು. ಕೋಯ್‌ನ ಗವಸು ಕಪ್ಪು. ಬೆಳಿಗ್ಗೆ ಇವನೇ ಎಳೆದು ತೊಡಿಸಿದ್ದ.

ಜನರ ಕೂಗು ಇನ್ನೂ ನಿಂತಿರಲಿಲ್ಲ. ಅವನ ಹೆಬ್ಬೆರಳು ತಾನಾಗಿಯೇ ರೇಡಿಯೋದ ಗುಂಡಿ ಒತ್ತಿತು.

"ಒಳಗಡೆ ಯಾರೂ ಇಲ್ಲ, ಹೊರಗಡೆನೂ ಯಾರೂ ಇಲ್ಲ," ಎಂದ, ಪ್ರತಿ ಸುತ್ತಿನಲ್ಲೂ ಹೇಳುವ ಅದೇ ದನಿಯಲ್ಲಿ. "ದಾರಿ ಖಾಲಿ ಇದೆ ಕಣೋ. ಹೋಗು."