ಹೊಸಿಲ ಹೊರಗೆ ಹರಿದ ಕಾಗದ

ಯತ್ತಪ್ಪ ಕಾಗದವನ್ನು ಹೊಸಿಲ ಹೊರಗೇ ನಿಂತು ಹರಿದ. ಮೊದಲು ಎರಡು, ಆಮೇಲೆ ನಾಲ್ಕು, ಆಮೇಲೆ ಲೆಕ್ಕವಿಲ್ಲದಷ್ಟು ಚೂರು.

"ಸೀಟು ಸಿಕ್ಕೈತೆ. ಆದ್ರೆ ನಾನು ಕಳ್ಸಲ್ಲ," ಅಂದ.

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಮಗಳು ಬಸಮ್ಮ ಚೂರುಗಳನ್ನು ನೋಡಿದಳು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಯತ್ತಪ್ಪ ನೇರ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡ.

ಹೆಂಡತಿ ನಿಂಗಕ್ಕನ ಮೈಯೆಲ್ಲ ಉರಿಯಿತು. ಸಾವಿನ ಸುದ್ದಿ ಹೊತ್ತ ಕಾಗದವನ್ನು ಹೀಗೆ ಹೊಸಿಲು ದಾಟಿಸದೆ ಹರಿದು, ತಲೆಗೆ ನೀರು ಹಾಕಿಕೊಳ್ಳುವುದು. ಮಗಳ ಭಾಗ್ಯದ ಕಾಗದಕ್ಕೂ ಈ ಮಹರಾಯ ಅದೇ ಮರ್ಯಾದೆ ಮಾಡಿದನಲ್ಲ! ಗುಡಿಸುವ ನೆಪದಲ್ಲಿ ಅವಳು ಒಂದೊಂದೇ ಚೂರು ಆರಿಸಿ ಎಲೆಅಡಿಕೆ ಸಂಚಿಗೆ ತುಂಬಿಕೊಂಡಳು.

ಯತ್ತಪ್ಪ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಕುರಿ ಕಾಯುವ ಮನೆತನದಿಂದ ರೈಲ್ವೆಗೆ ಬಂದ ಮೊದಲ ಮನುಷ್ಯ. ಎಪ್ಪತ್ತಾರನೇ ಇಸವಿಯ ಆ ಬೇಸಿಗೆಯುದ್ದಕ್ಕೂ ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು, ಬೆಂಗಳೂರಿನ ಗಣಿತದ ಆನರ್ಸ್. ಪಿಯುಸಿ ಮುಗಿಸಿದ ಬಸಮ್ಮ ಅದಕ್ಕೆ ಅರ್ಜಿ ಹಾಕಿದ್ದಳು. ಉಣ್ಣುವಾಗ ಅವಳು ಹೇಳಿದ್ದನ್ನೆಲ್ಲ ಅವನು ಪ್ಲಾಟ್‌ಫಾರಂ ತುಂಬ ಹಂಚುತ್ತಿದ್ದ. ಕ್ಲಾಸಿಗೆ ಹದಿನಾರೇ ಮಂದಿಯಂತೆ. ಪ್ರೊಫೆಸರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾರಂತೆ. ಲೈಬ್ರರಿಯಲ್ಲಿ ಅವರಿಗೇ ಅಂತ ಬೇರೆ ಬೀರು, ಹಾಸ್ಟೆಲಿನಲ್ಲಿ ಅವರಿಗೇ ಮೊದಲು ಕೋಣೆ. ಎಮ್ಮೆಸ್ಸಿ ಸೇರಲು ಯಾರ ಕೈಕಾಲೂ ಹಿಡಿಯಬೇಕಿಲ್ಲ, ಅದು ಮುಗಿದರೆ ಲೆಕ್ಚರರು. ಅಂಚೆಯ ಕಾಟಪ್ಪನಿಗೂ ಆನರ್ಸಿನ ಅನುಕೂಲಗಳೆಲ್ಲ ಬಾಯಿಪಾಠವಾಗಿದ್ದವು.

"ಸಿಗದಿದ್ರೆ ನಾನು ಇದ್ದೂ ಪ್ರಯೋಜನ ಇಲ್ಲ ಬಿಡಪ್ಪ," ಅಂತ ಬಸಮ್ಮ ಒಮ್ಮೆ ನಗುತ್ತಾ ಅಂದಿದ್ದಳು. ಯತ್ತಪ್ಪ ನಗಲಿಲ್ಲ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಗೊಲ್ಲಪ್ಪನ ಮಗ ಫೇಲಾಗಿ ಹಳಿಯ ಮೇಲೆ ಮಲಗಿದಾಗ ಮೊದಲು ಓಡಿಹೋದವನು ಅವನೇ. ಮಗಳ ಪಿಯುಸಿ ರಿಸಲ್ಟಿನ ದಿನವಂತೂ, ಪಾಸೆಂದು ಗೊತ್ತಾಗುವವರೆಗೆ ಡ್ಯೂಟಿ ಬಿಟ್ಟು ಅವಳ ಹಿಂದೆಯೇ ಸುತ್ತಿದ್ದ.

ಅಂಥವನು ಹೀಗೇಕಾದ? ಕಾರಣ ನಿಂಗಕ್ಕನಿಗೆ ಗೊತ್ತಿತ್ತು. ಭಾನುವಾರ ಬಾಗೂರಿನಿಂದ ಅವನ ಅಕ್ಕ ಕೆಂಚಕ್ಕ ಬಂದು, ಬಸಮ್ಮನನ್ನು ತನ್ನ ಮಗನಿಗೆ ಕೇಳಿಹೋಗಿದ್ದಳು. ಮಂಗಳವಾರ ಈ ಕಾಗದ. ಕಾಟಪ್ಪ ಬೆಳಿಗ್ಗೆಯೇ ಸ್ಟೇಷನ್ನಿನಲ್ಲಿ ಅದನ್ನು ಅವನ ಕೈಗೆ ಕೊಟ್ಟಿದ್ದನಂತೆ. ಸ್ಟೇಷನ್ ಮಾಸ್ಟರ ಹತ್ತಿರ ಓದಿಸಿಕೊಂಡವನು ಮನೆಗೆ ಬಂದದ್ದು ಮಧ್ಯಾಹ್ನ. ಅಷ್ಟು ಹೊತ್ತೂ ಅಕ್ಕನ ಮಾತೇ ತಲೆಯಲ್ಲಿ ಕೂತಿರಬೇಕು.

"ಮಗಳು ನಿಮ್ ಮುಖ ನೋಡ್ತಿಲ್ಲ, ಗೊತ್ತೈತಾ?" ಅಂತ ಕೇಳಿದಳು.

"ಸಿಟ್ಟಿದ್ರೆ ಇರ್ಲಿ ಬಿಡು. ಸಿಟ್ಟಿರೋರು ಉಣ್ತಾರೆ."

ಅದೂ ಹಾಗೇ ಆಯಿತು. ಮೂರನೇ ದಿನ ಬಸಮ್ಮ ಎದ್ದು ಬಂದು, ತಟ್ಟೆ ಕುಕ್ಕಿ, ಎರಡು ಮುದ್ದೆ ಉಂಡಳು. ಯತ್ತಪ್ಪ ಬಾಗಿಲ ಮರೆಯಲ್ಲಿ ನಿಂತು ಕೊನೆಯ ತುತ್ತಿನವರೆಗೂ ನೋಡಿದ. ಎಂಥ ಕಲ್ಲು ಮನಸ್ಸು ಅನ್ನಿಸಿತು ನಿಂಗಕ್ಕನಿಗೆ.

ನಾಲ್ಕನೇ ದಿನ ಅವಳು ಕಣ್ಣಾಸ್ಪತ್ರೆಗೆ ಅಂತ ಸುಳ್ಳು ಹೇಳಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದುರ್ಗದ ರೈಲು ಹತ್ತಿದಳು. ಚೂರುಗಳನ್ನು ಮಗಳಿಗೆ ತೋರಿಸುವ ಧೈರ್ಯವಾಗಿರಲಿಲ್ಲ. ಕೂಡದೆ ಹೋದರೆ ಆಸೆ ಹುಟ್ಟಿಸಿ ಮತ್ತೊಮ್ಮೆ ಕೊಂದ ಹಾಗೆ. ಬಸಮ್ಮನಿಗೆ ಗಣಿತ ಕಲಿಸಿ, ಅರ್ಜಿಯನ್ನೂ ತುಂಬಿಸಿದ್ದ ತಿಪ್ಪೇರುದ್ರಪ್ಪ ಮೇಷ್ಟ್ರು ಆಗುತ್ತೆ ಅಂದಮೇಲೆ ಹೇಳಿದರಾಯಿತು.

ಮೇಷ್ಟ್ರ ಮನೆಯ ಮೇಜಿನ ಮೇಲೆ ಸಂಚಿ ಸುರಿದಳು. ಅಡಿಕೆ ಹೋಳು ಬೇರೆ, ಚೂರು ಬೇರೆ ಮಾಡಿದಳು.

"ಇದನ್ನ ಕೂಡ್ಸಿ ಅಂಟ್ಸಿ ಕೊಡ್ರಿ ಸಾ. ನಾನೇ ಕರ್ಕೊಂಡು ಹೋಗಿ ಬೆಂಗ್ಳೂರಲ್ಲಿ ಬಿಟ್ಟು ಬರ್ತೀನಿ. ಆಮೇಲೆ ಆ ಮನುಷ್ಯನ ಜೊತೆ ಬಾಳೋದಿಲ್ಲ ಅಂದ್ರೂ ಸೈ."

ಮೇಷ್ಟ್ರು ಒಂದು ಹಾಳೆಯ ಮೇಲೆ ಅನ್ನದ ಅಗುಳು ಸವರಿ ಚೂರು ಜೋಡಿಸುತ್ತಾ ಕೂತರು. ಒಂದು ಗಂಟೆಯೇ ಹಿಡಿಯಿತು. ಇಂಗ್ಲಿಷ್ ಕಾಗದ. ಕನ್ನಡಕ ಏರಿಸಿ, ಓದಿ, ಕನ್ನಡದಲ್ಲಿ ಹೇಳಿದರು.

"ಇನ್ನೊಂದ್ ಸಲ ಓದ್ರಿ," ಅಂದಳು ನಿಂಗಕ್ಕ.

ಓದಿದರು. ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಇದು ನಿಮ್ಮತ್ರಾನೇ ಇರ್ಲಿ ಸಾ," ಅಂತ ಕೈಮುಗಿದು ಹೊರಟಳು. ರೈಲಿನಲ್ಲಿ ಪಕ್ಕದವಳು ಎಲೆ ಕೇಳಿದರೂ ಅವಳಿಗೆ ಕೇಳಿಸಲಿಲ್ಲ.

ಸಂಜೆ ಮನೆ ಮುಟ್ಟಿದವಳು ಅಂಗಳದಲ್ಲಿ ಕಾಲು ತೊಳೆದು, ತಲೆಗೂ ನಾಲ್ಕು ಹನಿ ಚಿಮುಕಿಸಿಕೊಂಡು ಒಳಗೆ ಬಂದಳು. ಅಪ್ಪ ಒಂದು ಮೂಲೆ, ಮಗಳು ಒಂದು ಮೂಲೆ.

"ಮೇಷ್ಟ್ರನ್ನ ಕೇಳ್ಕೊಂಡು ಬಂದೆ ಕಣೆ," ಅಂದಳು ಮಗಳಿಗೆ. "ಹದಿನಾರು ಮಂದೀಲಿ ನಿನ್ ಹೆಸ್ರೇ ಮೊದಲಿತ್ತಂತೆ. ಸೇರೋ ತಾರೀಖು ನಿನ್ನೆಗೇ ಮುಗೀತಂತೆ. ಇನ್ನೇನೂ ಮಾಡಂಗಿಲ್ಲ. ನಿಮ್ಮಪ್ಪ ಹಾಳು ಮಾಡ್ದ."

ಬಸಮ್ಮ ಅಪ್ಪನ ಕಡೆ ತಿರುಗಿದಳು. "ನಾನು ಬದುಕಿರೋವರ್ಗೂ ನಿನ್ ಜೊತೆ ಮಾತಾಡಲ್ಲ."

ಯತ್ತಪ್ಪ ತಲೆಯೆತ್ತಿ ಮಗಳನ್ನಲ್ಲ, ಹೆಂಡತಿಯನ್ನು ನೋಡಿದ. ನಿಂಗಕ್ಕ ಅವನ ತಟ್ಟೆಗೆ ಮುದ್ದೆ ಇಟ್ಟಳು. ನಾಲ್ಕು ದಿನದಿಂದ ಅವನಿಗೆ ಬಡಿಸದೆ ಮುಚ್ಚಿಟ್ಟಿದ್ದ ತುಪ್ಪವನ್ನು ತೆಗೆದು, ಧಾರಾಳವಾಗಿ ಬಡಿಸಿದಳು.

ದುರ್ಗದಲ್ಲಿ ಮೇಷ್ಟ್ರು ಅವಳಿಗೆ ಎರಡು ಸಲ ಓದಿ ಹೇಳಿದ್ದು ಒಂದೇ ಸಾಲು: ಆನರ್ಸಿಗೆ ಆರಿಸಿದ ಹದಿನಾರು ಮಂದಿಯಲ್ಲಿ ಕುಮಾರಿ ವೈ. ಬಸಮ್ಮನ ಹೆಸರಿಲ್ಲ.