ಮುನಿರತ್ನಮ್ಮನ ಕೈಗುಣ

ಮನೆ ಮುಂದೆ ಬಿಳಿ ಕಾರು ಬಂದು ನಿಂತಾಗ ಮುನಿರತ್ನಮ್ಮ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಮಗಳು ಅಕ್ಷತಳಿಗೆ ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ಆರೇ ದಿನ. ಚೊಚ್ಚಲ ಹೆರಿಗೆ, ತವರಲ್ಲೇ ಆಗಬೇಕು. ಒಳಕೋಣೆಗೆ ಸುಣ್ಣ ಬಳಿದಾಗಿತ್ತು. ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿ ಗಾಳಿ ನುಗ್ಗದ ಹಾಗೆ ಮಾಡಿಯಾಗಿತ್ತು. ಹರಳೆಣ್ಣೆ, ಸಾಂಬ್ರಾಣಿ, ಬಾಣಂತಿ ಖಾರದ ಡಬ್ಬಿ, ಎಲ್ಲ ಗೂಡಿಗೆ ಸೇರಿದ್ದವು. ಇನ್ನು ನೋವು ಬರುವುದೊಂದೇ ಬಾಕಿ.

ಕಾರಿನಿಂದ ಇಳಿದವನು ಮಗ ಉಮಾಶಂಕರ್. ಕಾರು ಅವನದಲ್ಲ, ಅವನು ಡ್ರೈವರ್ ಆಗಿರುವ ಮನೆಯ ಮೇಡಂದು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮಗನನ್ನು ಕಂಡು ಮುನಿರತ್ನಮ್ಮ ಕೈ ತೊಳೆದುಕೊಂಡು ಅಂಗಳಕ್ಕೆ ಬಂದಳು.

“ಅಮ್ಮ, ಮೇಡಂಗೆ ಬಿಪಿ ಏರಿ ಶನಿವಾರಾನೇ ಆಪರೇಷನ್ ಮಾಡಿ ಮಗು ತೆಗ್ದವ್ರೆ. ಇವತ್ತು ಮಧ್ಯಾಹ್ನ ಮನೆಗೆ ಬರ್ತಾರೆ. ನಿನ್ನ ಕರ್ಕೊಂಡು ಬಾ ಅಂದ್ರು.”

“ಇನ್ನೂ ಒಂದು ತಿಂಗಳು ಐತೆ ಅಂದಿದ್ರಲ್ಲೋ.”

“ಮಗು ಏನು ಕ್ಯಾಲೆಂಡರ್ ನೋಡ್ಕೊಂಡು ಬರುತ್ತೇನಮ್ಮ?”

ಮುನಿರತ್ನಮ್ಮನ ಕೈಗುಣ ದೇವನಹಳ್ಳಿ ರಸ್ತೆಯ ಅಪಾರ್ಟ್‌ಮೆಂಟುಗಳಿಗೆಲ್ಲ ಗೊತ್ತು. ಗಂಡ ತೀರಿಕೊಂಡು, ಇದ್ದ ಹೊಲವೂ ರಸ್ತೆ ಪಾಲಾದ ಮೇಲೆ ಬಾಣಂತನ ಮಾಡುವ ಕೆಲಸ ಹಿಡಿದವಳು ಈ ಹತ್ತು ವರ್ಷದಲ್ಲಿ ಎಷ್ಟು ಕೂಸುಗಳಿಗೆ ನೀರು ಹಾಕಿದಳೋ. ಅವಳು ಕಾಲು ನೀಡಿ ಕೂತು ಮೇಲೆ ಮಲಗಿಸಿಕೊಂಡರೆ ಸಾಕು, ಕಿರುಚುವ ಮಗುವೂ ತೆಪ್ಪಗಾಗುತ್ತಿತ್ತು. ಅವಳಿಗೂ ಅದರ ಜಂಭ ಇರಲಿಲ್ಲ ಅಂತಲ್ಲ. “ನಾನ್ ಬೇಕು ಅಂದ್ರೆ ಐದನೇ ತಿಂಗಳಲ್ಲೇ ಹೇಳಿಡ್ಬೇಕು ಕಣ್ರೇ. ಆಮೇಲೆ ಬಂದ್ರೆ ನಾನ್ ಸಿಕ್ಕಲ್ಲ,” ಎಂದು ಊರ ಹೆಂಗಸರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು. ಈ ಮೇಡಂ ಕೂಡ ಐದನೇ ತಿಂಗಳಲ್ಲೇ ಹೇಳಿಟ್ಟಿದ್ದರು. ಮಗಳದು ಮೊದಲು ಆಗುತ್ತದೆ, ಇಪ್ಪತ್ತು ದಿನ ನೋಡಿಕೊಂಡು ಆಮೇಲೆ ಪಕ್ಕದ ಮನೆ ಬೈರಮ್ಮನಿಗೆ ಒಪ್ಪಿಸಿ ಹೊರಟರಾಯಿತು ಎಂದು ಬೆರಳು ಮಡಚಿ ಎಣಿಸಿ, ಹೂಂ ಅಂದಿದ್ದಳು. ಅಷ್ಟೊಂದು ಬಾಣಂತಿಯರನ್ನು ಕಂಡವಳು, ಮಾಡಬಾರದ ಪೆದ್ದುತನವನ್ನು ಸ್ವಂತ ಮಗಳ ಪಾಲಿಗೇ ಮಾಡಿದ್ದಳು.

“ಬರಲ್ಲ ಅಂತ ಹೇಳ್ಬಿಡು,” ಎಂದಳು. ಆದರೆ ದನಿಯಲ್ಲಿ ಗಟ್ಟಿತನ ಇರಲಿಲ್ಲ.

ಉಮಾಶಂಕರ್ ಕಾರಿನ ಕೀ ನೋಡುತ್ತ ನಿಂತ. “ಹೇಳ್ತೀನಿ. ಹೇಳಿ ಈ ಕೀನೂ ಅಲ್ಲೇ ಕೊಟ್ಟು ಬಸ್ಸಲ್ಲಿ ಬರ್ತೀನಿ. ಅವ್ರ ಅಕ್ಕನ ಬಾಣಂತನ ನೀನ್ ಮಾಡ್ದೆ ಅಂತ ತಾನೆ ನನ್ನ ಕೆಲಸಕ್ಕೆ ಇಟ್ಕೊಂಡಿರೋದು. ಎರಡು ವರ್ಷ ನಾನು ಮನೇಲಿ ಖಾಲಿ ಕೂತಿದ್ದು ಮರ್ತುಬಿಟ್ಯಾ?”

ಮುನಿರತ್ನಮ್ಮ ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಷತ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಾಳೆ.

“ನಲವತ್ತೇ ದಿನ ಕಣವ್ವ. ನೋವು ಬಂದ ತಕ್ಷಣ ಫೋನ್ ಮಾಡು, ಓಡ್ ಬರ್ತೀನಿ. ಅಲ್ಲಿ ತನಕ ಬೈರಮ್ಮ ಇರ್ತಾಳೆ.”

“ಬೈರಮ್ಮಜ್ಜಿಗೆ ಕಣ್ಣು ಕಾಣ್ಸಲ್ಲ. ನಿನ್ನೆ ನನ್ನೇ ಯಾರು ಅಂತ ಕೇಳಿದ್ರು. ಐದು ದಿನದ ಕೂಸು ಬಿಟ್ಟು ಓಡ್ ಹೋಗು ಅಂತ ಮೇಡಂ ನಿನ್ನ ಕಳಿಸ್ತಾರಾ?”

ಹಿಂದಕ್ಕೆ ಕಳಿಸೋಣ ಅಂದರೆ ಅಕ್ಷತಳದು ಅತ್ತೆಯಿಲ್ಲದ ಮನೆ. ಗಂಡ ನೆಲಮಂಗಲದ ಗೋಡೌನಿನಲ್ಲಿ ಪಾಳಿ ಕೆಲಸದವನು. ಮುನಿರತ್ನಮ್ಮ ಒಳಗೆ ಹೋದಳು. ಕೈ ತನ್ನಷ್ಟಕ್ಕೆ ಚೀಲ ಹುಡುಕುತ್ತಿತ್ತು.

“ಇನ್ನೊಂದು ಮಾತಮ್ಮ,” ಎಂದ ಉಮಾಶಂಕರ್, ತಂಗಿಯ ಮುಖ ನೋಡದೆ. “ಮಗೂಗೆ ಸುತ್ತೋಕೆ ಹಳೇ ನೂಲಿನ ಸೀರೆ ತರ್ಬೇಕಂತೆ. ಅವ್ರ ಮನೇಲಿ ಹಳೇದು ಅಂತ ಒಂದೂ ಇಲ್ವಂತೆ.”

ಎಳೆಗೂಸಿಗೆ ಹೊಸ ಬಟ್ಟೆ ತಾಕಿಸಬಾರದು, ಒಗೆದೊಗೆದು ಮೆತ್ತಗಾದ ಸೀರೆಯೇ ಬೇಕು ಎಂದು ಆ ಮನೆಯವರಿಗೆ ಹೇಳಿಕೊಟ್ಟವಳೂ ಮುನಿರತ್ನಮ್ಮನೇ. ಒಳಕೋಣೆಯ ಹಗ್ಗದ ಮೇಲೆ ಅಂಥ ಎಂಟು ಸೀರೆಗಳಿದ್ದವು. ತೀರಿಹೋದ ತನ್ನ ಅತ್ತೆಯವು. ಅಕ್ಷತ ಹುಟ್ಟಿದಾಗ ಸುತ್ತಿದ್ದೂ ಅವುಗಳಲ್ಲೇ. ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ, ಮೊನ್ನೆ ಕುದಿನೀರಿಗೆ ಹಾಕಿ ಒಗೆದು ಒಣಗಿಸಿದ್ದಳು. ಮುನಿರತ್ನಮ್ಮ ಅವುಗಳಲ್ಲಿ ನಾಲ್ಕನ್ನು ಎಳೆದುಕೊಂಡಳು.

“ಇನ್ನು ನಾಲ್ಕು ನಿಂಗಿರ್ಲಿ.”

ಅಕ್ಷತ ಒಳಗೆ ಬಂದಳು. ಮಿಕ್ಕ ನಾಲ್ಕನ್ನೂ ಹಗ್ಗದಿಂದ ತೆಗೆದು, ಬಗ್ಗಲಾರದೆ ಮಂಚದ ಮೇಲೇ ಹರಡಿಕೊಂಡು ಒಂದೊಂದಾಗಿ ಮಡಚಿ, ಎಂಟನ್ನೂ ಸೇರಿಸಿ ಗಂಟು ಕಟ್ಟಿದಳು. ಗೂಡಿನಿಂದ ಖಾರದ ಡಬ್ಬಿ ಇಳಿಸಿ ಅದರ ಮೇಲಿಟ್ಟಳು.

“ಇದನ್ನೂ ತಗೊಂಡ್ಹೋಗು. ಆ ಮನೇಲಿ ಇದನ್ನ ಯಾರು ಮಾಡಿಟ್ಟಿರ್ತಾರೆ.”

“ನಿಂಗೆ?”

ಅಕ್ಷತ ಗಂಟನ್ನು ತಾನೇ ಎತ್ತಿಕೊಂಡು, ಕಾಲು ಅಗಲಿಸಿ ನಿಧಾನವಾಗಿ ನಡೆದು ಕಾರಿನವರೆಗೂ ಬಂದಳು. ತಾಯಿ ಹಿಂದಿನ ಸೀಟಿನಲ್ಲಿ ಕೂತ ಮೇಲೆ ಗಂಟನ್ನು ಅವಳ ಮಡಿಲಿಗಿಟ್ಟಳು. ಮುನಿರತ್ನಮ್ಮ ಮಗಳ ಕೈ ಹಿಡಿದುಕೊಂಡಳು.

“ನನ್ ಮೇಲೆ ಸಿಟ್ಟಾ, ಅಕ್ಷತ?”

“ಸಿಟ್ಟೇನಿಲ್ಲಮ್ಮ,” ಎಂದಳು ಅಕ್ಷತ ಕೈ ಬಿಡಿಸಿಕೊಳ್ಳುತ್ತ. “ತಪ್ಪು ನಂದೇ. ನಾನೂ ಐದನೇ ತಿಂಗಳಲ್ಲೇ ಹೇಳಿಡ್ಬೇಕಾಗಿತ್ತು.”