ಗುಂಡುಕಲ್ಲಿನ ಪಕ್ಕ

“ಇನ್ನು ನಿಮ್ಮ ಮಗಳಿಗೆ ಒಂದೇ ಒಂದು ಸೊಳ್ಳೆ ಕಚ್ಚಬಾರದು,” ಎಂದಳು ಬೀದಿಯ ಮಕ್ಕಳ ರಕ್ತ ಪರೀಕ್ಷೆಗೆ ಬರುವ ನರ್ಸ್.

ಹೊಲಿಗೆಯವಳಿಗೆ ನಗು ತಡೆಯಲಾಗಲಿಲ್ಲ. ಸೊಳ್ಳೆಪರದೆಗಳಿಗೆ ಅಂಚು ಹೊಲಿದೇ ಹೊಟ್ಟೆ ಹೊರೆಯುವವಳು ಅವಳು. ಕೋಣೆ ತುಂಬ ಬಿಳಿ ಪರದೆಗಳ ರಾಶಿ. ಆದರೆ ಮಗಳು ಮಲಗುತ್ತಿದ್ದದ್ದು ಪರದೆಯಿಲ್ಲದೆ. ಯಾಕೆ ಬೇಕು? ಅಣ್ಣನನ್ನು ಕೊಂಡೊಯ್ದ ಮಲೇರಿಯಾ ಜ್ವರ ಚಿಕ್ಕಂದಿನಲ್ಲಿ ಇವಳನ್ನೂ ಮತ್ತೆ ಮತ್ತೆ ಹಿಡಿದಿತ್ತು, ಇವಳು ಮಾತ್ರ ಪ್ರತಿ ಸಲವೂ ಎದ್ದು ಕೂತಿದ್ದಳು. ಈಚೆಗಂತೂ ಮೈ ಬಿಸಿಯಾದದ್ದೇ ಇಲ್ಲ. ಬೀದಿಯ ಮಕ್ಕಳೆಲ್ಲ ಗಡಗಡ ನಡುಗುವಾಗ ಇವಳೊಬ್ಬಳು ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಳು. ಹೆಸರೂ ಅದೇ ಆಗಿಹೋಯಿತು, ಗುಂಡುಕಲ್ಲು.

ಅವಳ ಅದೃಷ್ಟ ಪಕ್ಕದಲ್ಲಿ ಮಲಗಿದವರಿಗೂ ಅಂಟುತ್ತದೆ ಎಂದು ಯಾರು ಮೊದಲು ಹೇಳಿದರೋ! ತಾಯಂದಿರು ಎಳೆಕೂಸುಗಳನ್ನು ತಂದು ನಾಲ್ಕಾರು ದಿನ ಗುಂಡುಕಲ್ಲಿನ ಪಕ್ಕ ಮಲಗಿಸುವುದು ಬೀದಿಯಲ್ಲಿ ರೂಢಿಯೇ ಆಗಿಬಿಟ್ಟಿತ್ತು. ಹೊಲಿಗೆಯವಳಿಗೂ ಒಳಗೊಳಗೇ ಹೆಮ್ಮೆ. ತಾನೇ ಚಾಪೆ ಹಾಸುತ್ತಿದ್ದಳು. ಬಸ್ ಡ್ರೈವರನ ಅವಳಿಗಳು ಮಲಗಿ ಹೋದವು, ಅವಕ್ಕೂ ಜ್ವರ ಬಂತು. ಬಡಗಿಯ ಮಗ ಮಲಗಿ ಹೋದ. ಆ ಮಗು ಉಳಿಯಲೇ ಇಲ್ಲ. ಪಾಪ, ತರುವುದು ತಡವಾಯಿತು ಎಂದು ಎಲ್ಲರೂ ಮರುಗಿದರು.

“ಅವಳಿಗೇನೂ ಆಗಲ್ವಲ್ಲ ಸಿಸ್ಟರ್?”

“ಅವಳಿಗೆ ಆಗಲ್ಲಮ್ಮ, ಅದೇ ತೊಂದರೆ. ಹಳೇ ಜ್ವರಗಳು ಅವಳ ರಕ್ತದಲ್ಲಿ ಕಾವಲು ಹುಟ್ಟಿಸಿವೆ, ಪ್ರತಿಕಾಯ ಅಂತೀವಿ. ಅದು ರೋಗಾಣು ತಲೆ ಎತ್ತೋಕೆ ಬಿಡಲ್ಲ. ಆದ್ರೆ ಪೂರ್ತಿ ಓಡಿಸೋದೂ ಇಲ್ಲ. ರೋಗಾಣು ಅವಳ ರಕ್ತದಲ್ಲೇ ಮನೆ ಮಾಡ್ಕೊಂಡು ಕೂತಿದೆ. ಅವಳನ್ನ ಕಚ್ಚಿದ ಸೊಳ್ಳೆ ಒಂದೆರಡು ವಾರ ಬದುಕಿ, ಆಮೇಲೆ ಪಕ್ಕದ ಮಗೂನ ಕಚ್ಚಿದ್ರೆ ಮುಗೀತು.” ನರ್ಸ್ ಸುತ್ತಲಿನ ಗೋಡೆಗಳನ್ನು ನೋಡಿ ದನಿ ತಗ್ಗಿಸಿದಳು. “ಈ ಕೋಣೇಲಿರೋ ಸೊಳ್ಳೆಗಳೆಲ್ಲ ನಿಮ್ಮ ಮಗಳ ರಕ್ತ ಕುಡಿದೇ ದಪ್ಪ ಆಗಿರೋವು.”

ಹೊಲಿಗೆಯವಳು ಮಗಳ ಚಾಪೆಯತ್ತ ನೋಡಿದಳು. ಬಡಗಿಯ ಮಗ ಹೊಸ ಜಾಗವೆಂದು ಅಳುತ್ತ ಚಾಪೆಯ ಅಂಚಿಗೆ ಉರುಳಿದ್ದ. ‘ಇನ್ನೂ ಹತ್ತಿರ ಮಲಗು ಕಂದಾ’ ಎಂದು ಅವನನ್ನು ಮಗಳ ಮಗ್ಗುಲಿಗೆ ಸರಿಸಿದವಳು ತಾನೇ.

“ನಾಳೆ ಗೋಡೆಗೆ ಔಷಧಿ ಹೊಡೆಯೋರು ಬರ್ತಾರೆ. ಈ ಮಾತ್ರೆಗಳನ್ನ ಇವತ್ತೇ ಶುರು ಮಾಡಿ, ರೋಗಾಣು ಹೋಗುತ್ತೆ.”

“ಮತ್ತೆ ಆ ಕಾವಲು?”

“ಮನೇಲಿ ಕಳ್ಳ ಇದ್ರೆ ತಾನೇ ಕಾವಲಿಗೆ ಎಚ್ಚರ? ಕಳ್ಳ ಹೋದ್ಮೇಲೆ ನಿಧಾನಕ್ಕೆ ಅದೂ ಕಮ್ಮಿ ಆಗಬಹುದು. ಪರದೆ ಕಟ್ಟಿ, ಜೋಪಾನವಾಗಿ ನೋಡ್ಕೊಳ್ಳಿ. ಎಲ್ಲರ ಮಕ್ಕಳ ಹಾಗೇನೇ.”

ಎಲ್ಲರ ಮಕ್ಕಳ ಹಾಗೆ. ಅವಳ ಮಗನೂ ಎಲ್ಲರ ಮಕ್ಕಳ ಹಾಗೇ ಇದ್ದ. ನರ್ಸ್ ಹೋದ ಮೇಲೆ ಹೊಲಿಗೆಯವಳು ಮಾತ್ರೆಗಳನ್ನು ನೂಲಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಉಳಿದಿರುವುದು ಇದೊಂದೇ ಜೀವ. ಇದನ್ನೂ ಕೈಯಾರೆ ಜ್ವರದ ಬಾಯಿಗೆ ಒಡ್ಡಲೇ?

ಹೊತ್ತು ಮುಳುಗುವಾಗ ಎದುರು ಮನೆಯ ಇಸ್ತ್ರಿಯವಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. “ತಂಗೀ, ಚಾಪೆ ಹಾಸೇ. ನಮ್ಮ ಪಾಪೂನೂ ನಾಲ್ಕು ದಿನ ನಿನ್ನ ಗುಂಡುಕಲ್ಲಿನ ಪಕ್ಕ ಬಿದ್ದಿರಲಿ.”

ಹೊಲಿಗೆಯವಳು ಬಾಯಿ ತೆರೆಯುವಷ್ಟರಲ್ಲಿ ಮಗಳು ಸರಿದು ಜಾಗ ಮಾಡಿಯಾಗಿತ್ತು. ಚಾಪೆಯನ್ನು ಅಂಗೈಯಿಂದ ತಟ್ಟುತ್ತ, ಥೇಟ್ ಅಮ್ಮನದೇ ದನಿಯಲ್ಲಿ, “ಬಾ ಕಂದಾ, ಇನ್ನೂ ಹತ್ತಿರ ಮಲಗು,” ಎಂದು ಕರೆದಳು. ಹೊಲಿಗೆಯವಳು ಬಾಗಿಲಿಗೆ ಅಡ್ಡ ಬಂದು ನಿಂತಳು.

“ಬೇಡ ಅಕ್ಕ. ಇನ್ಮೇಲೆ ಯಾರೂ ಇಲ್ಲಿ ಮಲಗೋದು ಬೇಡ.”

“ಅಯ್ಯೋ, ಯಾಕೆ?”

ನಿಜ ಹೇಳಿದರೆ ಬಡಗಿಯ ಹೆಂಡತಿ ಬೆಳಗಾಗುವುದರೊಳಗೆ ಬಾಗಿಲಲ್ಲಿ ನಿಂತಿರುತ್ತಾಳೆ.

ಇಸ್ತ್ರಿಯವಳ ಮುಖ ಗಂಟಿಕ್ಕಿತು. “ಎಲ್ಲರ ಮಕ್ಕಳೂ ಆಗುತ್ತೆ, ನನ್ನದು ಆಗಲ್ವಾ? ಒಂದು ಕೂಸು ಮಲಗಿದ್ರೆ ನಿನ್ನ ಮಗಳ ಅದೃಷ್ಟ ಏನು ಸವೆದುಹೋಗುತ್ತಾ?”

“ಸವೆದುಹೋಗ್ಲಿ ಅಕ್ಕ,” ಎಂದಳು ಹೊಲಿಗೆಯವಳು. ನೂಲಿನ ಡಬ್ಬಿ ತೆರೆದು ಮಾತ್ರೆ ತೆಗೆದಳು, ಅವಳೆದುರೇ ಮಗಳಿಗೆ ನೀರು ಕುಡಿಸಿ ನುಂಗಿಸಿದಳು. ಇಸ್ತ್ರಿಯವಳಿಗೆ ತಲೆಬುಡ ತಿಳಿಯಲಿಲ್ಲ. ಇನ್ನು ಈ ಮನೆಯ ಹೊಸ್ತಿಲು ತುಳಿದರೆ ಕೇಳು ಎಂದು ಗೊಣಗುತ್ತ ಹೊರಟುಹೋದಳು.

ಹೊಲಿಗೆಯವಳು ಅಂಚು ಅರ್ಧ ಹೊಲಿದಿದ್ದ ಒಂದು ಪರದೆಯನ್ನು ಮಗಳ ಸುತ್ತ ಇಳಿಬಿಟ್ಟು, ಸಂದಿಯಿಲ್ಲದಂತೆ ಚಾಪೆಯ ಕೆಳಗೆ ತುರುಕಿದಳು. ತಾನು ಪರದೆಯ ಹೊರಗೆ, ಮಗಳ ಮಗ್ಗುಲಿಗೇ ಕೂತಳು. ಬೆಳಕು ಇಳಿಯುತ್ತಿದ್ದ ಹಾಗೆ ಗೋಡೆಯ ಸೊಳ್ಳೆಗಳು ಎದ್ದವು. ಒಂದೊಂದೇ ಬಂದು ಪರದೆಯ ಮೇಲೆ ಕೂತವು, ಆಮೇಲೆ ಗುಂಪುಗುಂಪಾಗಿ. ಎಲ್ಲದರ ಮುಖವೂ ಒಳಗಡೆಗೆ. ಹೊಲಿಗೆಯವಳ ಬರಿಗೈ ಪಕ್ಕದಲ್ಲೇ ಇತ್ತು, ಒಂದಾದರೂ ಅತ್ತ ತಿರುಗಲಿಲ್ಲ.

ಗುಂಡುಕಲ್ಲು ಒಳಗಿನಿಂದ ಪರದೆಗೆ ಬೆರಳು ತಾಗಿಸಿ ಅವುಗಳನ್ನೇ ನೋಡುತ್ತಿದ್ದಳು. ಆಮೇಲೆ ಎದುರು ಮನೆಯ ತೆರೆದ ಕಿಟಕಿಯತ್ತ ನೋಡಿದಳು.

“ಅಮ್ಮಾ, ನಾನು ಸಿಗ್ಲಿಲ್ಲ ಅಂದ್ರೆ ಪಾಪ, ಇವು ಯಾರ ಮನೆಗೆ ಹೋಗ್ತವೆ?”